ಬಯೋಸ್ ಅಪ್‌ಡೇಟ್ ಆದ ಮೇಲೆ ಹ್ಯಾಕಿಂತೋಷ್ ಬೂಟ್ ಆಗುತ್ತಿಲ್ಲ (ಗಂಗಾವತಿ, ಝಡ್490, ಆರ್‌ಎಕ್ಸ್ 6600)

ಗಂಗಾವತಿ_ಎಡಿಟರ್:

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ಮದುವೆ, ಸೀಮಂತ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡಿಕೊಡುತ್ತೇನೆ. ಮಷಿನ್ ನಾನೇ ಜೋಡಿಸಿದ ಹ್ಯಾಕಿಂತೋಷ್, ಅಂದರೆ ಮ್ಯಾಕ್‌ಓಎಸ್ ಓಡಿಸುವ ಸಾಮಾನ್ಯ ಪಿಸಿ. ಇಂಟೆಲ್ ಐ5 10400, ಝಡ್490 ಬೋರ್ಡ್, 32 ಜಿಬಿ ರ್‍ಯಾಮ್, ಆರ್‌ಎಕ್ಸ್ 6600 ಕಾರ್ಡ್. ವೈಫೈಗೆ ಬ್ರಾಡ್‌ಕಾಮ್ 94360 ಕಾರ್ಡ್. ಒಂದು ಎಸ್‌ಎಸ್‌ಡಿಯಲ್ಲಿ ಮ್ಯಾಕ್‌ಓಎಸ್ ವೆಂಚುರಾ, ಇನ್ನೊಂದರಲ್ಲಿ ವಿಂಡೋಸ್. ವಿಡಿಯೋ ಎಲ್ಲಾ ಫೈನಲ್ ಕಟ್‌ನಲ್ಲಿ. ಲಗ್ನಪತ್ರಿಕೆ, ಆಲ್ಬಂ ಹೆಸರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಬೇಕು, ಅದಕ್ಕೆ ವಿಂಡೋಸ್ ಇರಲೇಬೇಕು.

ಮೊನ್ನೆ ಬೋರ್ಡ್‌ಗೆ ಹೊಸ ಬಯೋಸ್ (ಮಷಿನ್ ಆನ್ ಆದಾಗ ಮೊದಲು ಓಡುವ, ಬೋರ್ಡ್‌ನದೇ ತಂತ್ರಾಂಶ) ಹಾಕಿದೆ. ಲೋಗೋಫೇಲ್ ಭದ್ರತಾ ದೋಷಕ್ಕೆ ಅದರಲ್ಲಿ ಪರಿಹಾರ ಇದೆ ಎಂದು ಬರೆದಿದ್ದರು. ಯುಪಿಎಸ್ ಮೇಲೆ ಇಟ್ಟೇ ಮಾಡಿದೆ, ಅಪ್‌ಡೇಟ್ ಪೂರ್ತಿ ಮುಗಿಯಿತು. ಈಗ ಆನ್ ಮಾಡಿದರೆ ಸೀದಾ ವಿಂಡೋಸ್ ಬರುತ್ತದೆ. ಪಿಸಿಯಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಓಪನ್‌ಕೋರ್‌ನ ಮೆನು ಕಾಣುವುದೇ ಇಲ್ಲ. ಬೂಟ್ ಮೆನು ಕೀ ಒತ್ತಿ ಮ್ಯಾಕ್ ಇರುವ ಎಸ್‌ಎಸ್‌ಡಿ ಆರಿಸಿದರೆ ಓಪನ್‌ಕೋರ್ ಬರುತ್ತದೆ. ಆದರೆ ಅಲ್ಲಿಂದ ಮ್ಯಾಕ್‌ಗೆ ಹೋದರೆ ಸಾಲುಗಳು ಓಡಿ, ಕೊನೆಗೆ 'ಎಕ್ಸಿಟ್‌ಬಿಎಸ್ ಸ್ಟಾರ್ಟ್' ಎಂಬಲ್ಲಿ ನಿಂತುಬಿಡುತ್ತದೆ.

ಗಿರಾಕಿಗಳ ಫೈನಲ್ ಕಟ್ ಲೈಬ್ರರಿ ಅದೇ ಡ್ರೈವ್‌ನಲ್ಲಿದೆ. ಇಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು ಅಂದರು. ಬೇರೆ ದಾರಿ ಇದೆಯಾ?

ಕೌಲ್‌ಬಜಾರ್_ಬಳ್ಳಾರಿ:

ಫಾರ್ಮ್ಯಾಟ್ ಮಾಡಬೇಡಿ. ಯಾರಿಗೂ ಮಾಡಲು ಬಿಡಬೇಡಿ. ಬಯೋಸ್ ಇರುವುದು ಮದರ್‌ಬೋರ್ಡ್ ಮೇಲಿನ ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ. ಅದನ್ನು ಬದಲಿಸಿದರೆ ಎಸ್‌ಎಸ್‌ಡಿಯಲ್ಲಿರುವ ಒಂದು ಫೈಲಿಗೂ ಏನೂ ಆಗುವುದಿಲ್ಲ. ನಿಮ್ಮ ಲೈಬ್ರರಿ ಇದ್ದಲ್ಲೇ ಇದೆ.

ನಿಮಗೆ ಬಂದಿರುವುದು ಒಂದು ತೊಂದರೆ ಅಲ್ಲ, ಎರಡು. ಬೇರೆ ಬೇರೆಯಾಗಿ ನೋಡೋಣ.

ಮೊದಲನೆಯದು, ಓಪನ್‌ಕೋರ್ ತಾನಾಗಿ ಬರುತ್ತಿಲ್ಲ. ಯಾವುದರಿಂದ ಬೂಟ್ ಆಗಬೇಕು ಎಂಬ ಪಟ್ಟಿ ಬೋರ್ಡ್‌ನಲ್ಲಿ ಕರೆಂಟ್ ಹೋದರೂ ಉಳಿಯುವ ಮೆಮೊರಿ, ಅಂದರೆ ಎನ್‌ವಿರ್‍ಯಾಮ್‌ನಲ್ಲಿ ಇರುತ್ತದೆ. ಬಯೋಸ್ ಬದಲಾದಾಗ ಆ ಪಟ್ಟಿ ಅಳಿಸಿಹೋಗುವುದು ಸಾಮಾನ್ಯ. ವಿಂಡೋಸ್ ಬೂಟ್ ಮ್ಯಾನೇಜರನ್ನು ಬೋರ್ಡ್ ತಾನೇ ಹುಡುಕಿ ಸೇರಿಸಿಕೊಳ್ಳುತ್ತದೆ, ಓಪನ್‌ಕೋರ್ ಅದಕ್ಕೆ ಗೊತ್ತಿಲ್ಲ. ಓಪನ್‌ಕೋರ್‌ನ ಸೆಟ್ಟಿಂಗ್ ಫೈಲ್ ಆದ ನಿಮ್ಮ ಕಾನ್ಫಿಗ್ ಪಿಲಿಸ್ಟ್‌ನಲ್ಲಿ ಮಿಸ್ಕ್, ಬೂಟ್ ಒಳಗೆ ಲಾಂಚರ್ ಆಪ್ಷನ್ ಅಂತ ಇದೆ. ಅದು 'ಫುಲ್' ಆಗಿದ್ದರೆ, ಕೈಯಿಂದ ಒಮ್ಮೆ ಓಪನ್‌ಕೋರ್ ಓಡಿಸಿದಾಗ ಅದು ತನ್ನ ಹೆಸರನ್ನು ತಾನೇ ಮತ್ತೆ ಬರೆದುಕೊಳ್ಳುತ್ತದೆ. 'ಡಿಸೇಬಲ್ಡ್' ಇದ್ದರೆ ಬರೆದುಕೊಳ್ಳುವುದಿಲ್ಲ. ನಿಮ್ಮದು ಹಾಗೇ ಇರಬೇಕು ಅನಿಸುತ್ತದೆ.

ಎರಡನೆಯದು, ಎಕ್ಸಿಟ್‌ಬಿಎಸ್. ಫರ್ಮ್‌ವೇರ್ ತನ್ನ ಕೆಲಸ ಮುಗಿಸಿ ಮ್ಯಾಕ್‌ಓಎಸ್‌ನ ತಿರುಳಾದ ಕರ್ನಲ್ ಕೈಗೆ ಮಷಿನ್ ಒಪ್ಪಿಸುವ ಜಾಗ ಅದು. ಅಲ್ಲಿ ನಿಂತಿದೆ ಎಂದರೆ ಬೂಟರ್ ಕ್ವಿರ್ಕ್ (ಫರ್ಮ್‌ವೇರ್‌ನ ಕುಂದು ಸರಿದೂಗಿಸುವ ಓಪನ್‌ಕೋರ್ ಸೆಟ್ಟಿಂಗ್) ಸರಿ ಇಲ್ಲ, ಇಲ್ಲವೇ ಸಿಎಫ್‌ಜಿ ಲಾಕ್ ಆನ್ ಆಗಿದೆ. ಸಾಧನಗಳಿಗೆ ಮೀಸಲಾದ ಮೆಮೊರಿ ವಿಳಾಸ (ಎಂಎಂಐಓ) ಬದಲಾದರೂ ಹೀಗೆ ಆಗುತ್ತದೆ. ನಿನ್ನೆವರೆಗೆ ಇದೇ ಕಾನ್ಫಿಗ್ ಓಡುತ್ತಿತ್ತು, ಬದಲಾದದ್ದು ಬಯೋಸ್ ಮಾತ್ರ. ಅಪ್‌ಡೇಟ್ ಆದಾಗ ಬಯೋಸ್ ಸೆಟ್ಟಿಂಗ್ ಎಲ್ಲಾ ಫ್ಯಾಕ್ಟರಿ ಸ್ಥಿತಿಗೆ ಹೋಗಿರುತ್ತದೆ. ಹಾಗಾಗಿ ಈಗಲೇ ಕಾನ್ಫಿಗ್ ಮುಟ್ಟಬೇಡಿ.

ಬಯೋಸ್ ಒಳಗೆ ಹೋಗಿ ಇವನ್ನು ನೋಡಿ ಇಲ್ಲಿ ಬರೆಯಿರಿ: ಸಿಎಫ್‌ಜಿ ಲಾಕ್, ವಿಟಿ-ಡಿ, ಸಿಎಸ್‌ಎಂ, ಅಬವ್ 4ಜಿ ಡಿಕೋಡಿಂಗ್, ರೀಸೈಜಬಲ್ ಬಾರ್, ಫಾಸ್ಟ್ ಬೂಟ್, ಇಂಟರ್ನಲ್ ಗ್ರಾಫಿಕ್ಸ್. ಸೆಕ್ಯೂರ್ ಬೂಟ್ ಆಫ್ ಇದೆ ಎಂದು ನಾನೇ ಹೇಳಬಲ್ಲೆ, ಆನ್ ಇದ್ದಿದ್ದರೆ ಓಪನ್‌ಕೋರ್ ಮೆನುವೇ ಬರುತ್ತಿರಲಿಲ್ಲ. ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.

ಸಿಂಧನೂರು_ಡಿಟಿಪಿ:

ಅದಕ್ಕೇ ನಾನು ಹೇಳುವುದು, ಓಡುವ ಮಷಿನ್ ಮುಟ್ಟಬಾರದು ಅಂತ. ನನ್ನ ಹ್ಯಾಕಿಂತೋಷ್‌ನಲ್ಲಿ ಬಯೋಸ್ ಅಪ್‌ಡೇಟೂ ಇಲ್ಲ, ಮ್ಯಾಕ್ ಅಪ್‌ಡೇಟೂ ಇಲ್ಲ. ಎಲ್ಲಾ ಆಫ್ ಮಾಡಿ ಸುಮ್ನೆ ಕೆಲಸ ಮಾಡುತ್ತಿದ್ದೇನೆ.

ತೋರಣಗಲ್ಲು_ನೈಟ್‌ಶಿಫ್ಟ್:

ಆ ವಾದ ಆಮೇಲೆ ಮಾಡೋಣ, ಮೊದಲು ಇವರ ಮಷಿನ್ ಎದ್ದೇಳಲಿ. ಒಂದು ಮಾತು ಸೇರಿಸುತ್ತೇನೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ ಬಯೋಸ್ ಅಪ್‌ಡೇಟ್ ಅಥವಾ ಸೆಟ್ಟಿಂಗ್ ಬದಲಾವಣೆ ಆದ ಮೇಲೆ ರಿಕವರಿ ಕೀ ಕೇಳಬಹುದು. ಕೈಯಲ್ಲಿ ಕೀ ಇಲ್ಲದಿದ್ದರೆ ಆ ಡ್ರೈವ್ ತೆರೆಯುವುದಿಲ್ಲ. ಸೆಟ್ಟಿಂಗ್ ಬದಲಿಸುವ ಮೊದಲು ವಿಂಡೋಸ್ ಒಳಗೆ ಹೋಗಿ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ.

ಶಕ್ತಿನಗರ_ಹಳೇಪಿಸಿ:

ಯುಪಿಎಸ್ ಮೇಲೆ ಮಾಡಿದ್ದು ತುಂಬಾ ಒಳ್ಳೆಯದಾಯಿತು. ನಮ್ಮ ಕಡೆ ಮೇ ತಿಂಗಳಲ್ಲಿ ಗಾಳಿಮಳೆ ಬಂದರೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗದು. ಬಯೋಸ್ ಬರೆಯುವಾಗ ಅರ್ಧಕ್ಕೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ. ಕೆಲವು ಬೋರ್ಡ್‌ಗಳಿಗೆ ಹಿಂದುಗಡೆ ಫ್ಲ್ಯಾಶ್‌ಬ್ಯಾಕ್ ಬಟನ್ ಇರುತ್ತದೆ. ಪೆನ್‌ಡ್ರೈವನ್ನು ಫ್ಯಾಟ್32 ಮಾಡಿ, ಫೈಲಿಗೆ ಕಂಪನಿ ಹೇಳಿದ ಹೆಸರನ್ನೇ ಕೊಟ್ಟು ಚುಚ್ಚಿದರೆ ಸಿಪಿಯು, ರ್‍ಯಾಮ್ ಇಲ್ಲದೆಯೂ ಬಯೋಸ್ ಮತ್ತೆ ಬರೆಯುತ್ತದೆ. ಆ ಬಟನ್ ಇಲ್ಲದ ಬೋರ್ಡ್‌ಗೆ ಸಿಎಚ್341ಎ ಪ್ರೋಗ್ರಾಮರ್ ಬೇಕು. ಅದರಲ್ಲಿ ವೋಲ್ಟೇಜ್ ನೋಡಿಕೊಳ್ಳಬೇಕು. ಕೆಲವು ಫ್ಲ್ಯಾಶ್ ಚಿಪ್ 3.3 ವೋಲ್ಟ್, ಕೆಲವು 1.8 ವೋಲ್ಟ್. 1.8ರ ಚಿಪ್‌ಗೆ ಅಡಾಪ್ಟರ್ ಇಲ್ಲದೆ ಹಚ್ಚಿದರೆ ಚಿಪ್ ಸುಡುತ್ತದೆ.

ಗಂಗಾವತಿ_ಎಡಿಟರ್:

ಎಲ್ಲರಿಗೂ ಧನ್ಯವಾದ. ಫಾರ್ಮ್ಯಾಟ್ ಬೇಡ ಅಂದಿದ್ದಕ್ಕೆ ಸ್ವಲ್ಪ ಉಸಿರು ಬಂತು. ಬಿಟ್‌ಲಾಕರ್ ನನ್ನಲ್ಲಿ ಆನ್ ಇಲ್ಲ, ನೋಡಿದೆ.

ಬಯೋಸ್‌ನಲ್ಲಿ ಈಗ ಹೀಗಿದೆ. ಸಿಎಫ್‌ಜಿ ಲಾಕ್ ಎನೇಬಲ್ಡ್. ವಿಟಿ-ಡಿ ಎನೇಬಲ್ಡ್. ಸಿಎಸ್‌ಎಂ ಡಿಸೇಬಲ್ಡ್. ಅಬವ್ 4ಜಿ ಡಿಸೇಬಲ್ಡ್. ರೀಸೈಜಬಲ್ ಬಾರ್ ಎಂಬುದು ಮೊದಲು ಈ ಬೋರ್ಡ್‌ನಲ್ಲಿ ಇರಲೇ ಇಲ್ಲ, ಹೊಸ ಬಯೋಸ್‌ನಲ್ಲಿ ಬಂದಿದೆ, 'ಆಟೋ' ಅಂತ ಇದೆ. ಫಾಸ್ಟ್ ಬೂಟ್ ಎನೇಬಲ್ಡ್. ಇಂಟರ್ನಲ್ ಗ್ರಾಫಿಕ್ಸ್ 'ಆಟೋ'. ಎಕ್ಸ್‌ಎಂಪಿ ಕೂಡ ಆಫ್ ಆಗಿದೆ.

ಕೌಲ್‌ಬಜಾರ್_ಬಳ್ಳಾರಿ:

ಸಿಕ್ಕಿತು. ಒಂದೊಂದಾಗಿ ಮಾಡಿ. ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ.

ಮೊದಲು ಸಿಎಫ್‌ಜಿ ಲಾಕ್ ಡಿಸೇಬಲ್ ಮಾಡಿ. ಪ್ರೊಸೆಸರ್‌ನಲ್ಲಿ 0ಎಕ್ಸ್‌ಇ2 ಎಂಬ ಒಂದು ರಿಜಿಸ್ಟರ್ ಇದೆ, ವಿದ್ಯುತ್ ನಿರ್ವಹಣೆಗೆ ಮ್ಯಾಕ್‌ನ ಕರ್ನಲ್ ಅದರೊಳಗೆ ಬರೆಯುತ್ತದೆ. ಲಾಕ್ ಇದ್ದರೆ ಬರೆಯಲಾಗದೆ ಅಲ್ಲೇ ಬಿದ್ದುಹೋಗುತ್ತದೆ. ಓಪನ್‌ಕೋರ್‌ನಲ್ಲಿ ಆಪಲ್ ಎಕ್ಸ್‌ಸಿಪಿಎಂ ಸಿಎಫ್‌ಜಿ ಲಾಕ್ ಎಂಬ ಕ್ವಿರ್ಕ್ ಇದೆ. ಅದು ಆನ್ ಇದ್ದಿದ್ದರೆ ಲಾಕ್ ಇದ್ದರೂ ಓಡುತ್ತಿತ್ತು. ನಿಮ್ಮ ಕಾನ್ಫಿಗ್‌ನಲ್ಲಿ ಅದು ಆಫ್ ಇರಬೇಕು. ಬಯೋಸ್‌ನಲ್ಲಿ ಲಾಕ್ ತೆಗೆಯುವ ಅವಕಾಶ ಇದ್ದರೆ ಅದನ್ನೇ ಮಾಡುವುದು ಸ್ವಚ್ಛ.

ಆಮೇಲೆ ಅಬವ್ 4ಜಿ ಎನೇಬಲ್ ಮಾಡಿ, ಗ್ರಾಫಿಕ್ಸ್ ಕಾರ್ಡ್‌ನಂಥ ಸಾಧನಗಳಿಗೆ 4 ಜಿಬಿಗಿಂತ ಮೇಲಿನ ವಿಳಾಸ ಕೊಡುವ ಸೆಟ್ಟಿಂಗ್ ಅದು. ಅದು ಇಲ್ಲದಿದ್ದರೆ ಎಕ್ಸಿಟ್‌ಬಿಎಸ್ ದಾಟಿದರೂ 'ಪಿಸಿಐ ಕಾನ್ಫಿಗರೇಷನ್' ಸಾಲಿನಲ್ಲಿ ಮತ್ತೆ ನಿಲ್ಲಬಹುದು. ಅಬವ್ 4ಜಿ ಆನ್ ಮಾಡಿದ ಕೂಡಲೇ 'ಆಟೋ'ದಲ್ಲಿರುವ ರೀಸೈಜಬಲ್ ಬಾರ್ ಕೂಡ ಆನ್ ಆಗುವ ಸಾಧ್ಯತೆ ಜಾಸ್ತಿ. ಕಾರ್ಡ್‌ನ ಮೆಮೊರಿ ಪೂರ್ತಿ ಒಮ್ಮೆಗೇ ಸಿಪಿಯುಗೆ ಕಾಣಿಸುವ ಸೌಲಭ್ಯ ಅದು. ಆರ್‌ಎಕ್ಸ್ 6600 ಅದನ್ನು ಬೆಂಬಲಿಸುತ್ತದೆ, ವಿಂಡೋಸ್‌ಗೆ ಅದರಿಂದ ಲಾಭ ಇದೆ. ಮ್ಯಾಕ್‌ಓಎಸ್‌ಗೆ ಅದು ಆಗಿಬರುವುದಿಲ್ಲ. ಎರಡು ದಾರಿ ಇದೆ: ಬಯೋಸ್‌ನಲ್ಲಿ ಅದನ್ನು ಡಿಸೇಬಲ್ ಮಾಡುವುದು, ಅಥವಾ ಕಾನ್ಫಿಗ್‌ನಲ್ಲಿ ರೀಸೈಜ್ ಆಪಲ್ ಜಿಪಿಯು ಬಾರ್ಸ್ ಎಂಬಲ್ಲಿ ಮೈನಸ್ 1 ಇದ್ದದ್ದನ್ನು 0 ಮಾಡುವುದು. ವಿಂಡೋಸ್‌ನಲ್ಲಿ ಗೇಮ್ ಆಡದಿದ್ದರೆ ಮೊದಲನೆಯದೇ ಸಾಕು.

ವಿಟಿ-ಡಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕಾನ್ಫಿಗ್‌ನಲ್ಲಿ ಡಿಸೇಬಲ್ ಐಓ ಮ್ಯಾಪರ್ ಆನ್ ಇದ್ದರೆ ಹಾಗೇ ಇರಲಿ. ಫಾಸ್ಟ್ ಬೂಟ್ ಆಫ್ ಮಾಡಿ.

ಇಂಟರ್ನಲ್ ಗ್ರಾಫಿಕ್ಸನ್ನು ಮರೆಯಬೇಡಿ. ಗ್ರಾಫಿಕ್ಸ್ ಕಾರ್ಡ್ ಇದ್ದಾಗ 'ಆಟೋ' ಅಂದರೆ ಬೋರ್ಡ್ ಅದನ್ನು ಆಫ್ ಮಾಡಿಬಿಡುತ್ತದೆ. ನಿಮ್ಮ ಎಸ್‌ಎಂಬಯೋಸ್, ಅಂದರೆ ಮಷಿನ್ ತಾನು ಯಾವ ಮ್ಯಾಕ್ ಎಂದು ಹೇಳಿಕೊಳ್ಳುವ ಮಾಡೆಲ್ ಹೆಸರು, ಐಮ್ಯಾಕ್ 20,1 ಅಲ್ವಾ? ಆ ಮಾಡೆಲ್ ಒಳಗೆ ಇಂಟೆಲ್ ಯುಎಚ್‌ಡಿ 630 ಇದೆ ಎಂದು ಮ್ಯಾಕ್‌ಓಎಸ್ ಎದುರುನೋಡುತ್ತದೆ. ಅದು ಕಾಣದಿದ್ದರೆ ಮಷಿನ್ ಬೂಟ್ ಆಗುತ್ತದೆ, ಆದರೆ ಫೈನಲ್ ಕಟ್‌ನಲ್ಲಿ ಎಕ್ಸ್‌ಪೋರ್ಟ್ ಕೈಕೊಡಬಹುದು. ಅದಕ್ಕೆ 'ಎನೇಬಲ್ಡ್' ಅಂತಲೇ ಮಾಡಿ. ಪ್ಲಾಟ್‌ಫಾರ್ಮ್ ಐಡಿ ತೆರೆ ಇಲ್ಲದ ಬಳಕೆಯದು, 0300ಸಿ89ಬಿ, ಇರಬೇಕು. ಮೊದಲು ಎಕ್ಸ್‌ಪೋರ್ಟ್ ಚೆನ್ನಾಗಿ ಓಡುತ್ತಿತ್ತು ಎಂದರೆ ಅದು ಈಗಾಗಲೇ ಇದೆ.

ಒಂದು ಎಚ್ಚರಿಕೆ. ಈ ಗಡಿಬಿಡಿಯಲ್ಲಿ ಹೊಸ ಸೀರಿಯಲ್ ನಂಬರ್ ಮಾಡಿಕೊಳ್ಳಬೇಡಿ. ಸೀರಿಯಲ್, ಎಂಎಲ್‌ಬಿ (ಬೋರ್ಡ್‌ನ ಸೀರಿಯಲ್), ಯುಯುಐಡಿ ಎಲ್ಲಾ ಕಾನ್ಫಿಗ್ ಪಿಲಿಸ್ಟ್‌ನಲ್ಲಿವೆ, ಬಯೋಸ್‌ನಲ್ಲಿ ಅಲ್ಲ. ಅವನ್ನು ಬದಲಿಸಿದರೆ ಆಪಲ್ ಖಾತೆಗೆ ಇದು ಹೊಸ ಕಂಪ್ಯೂಟರ್ ಆಗಿ ಕಾಣುತ್ತದೆ, ಐಮೆಸೇಜ್ ಲಾಗಿನ್ ಮತ್ತೆ ಮಾಡಬೇಕಾಗುತ್ತದೆ.

ಗಂಗಾವತಿ_ಎಡಿಟರ್:

ಬಂತು! ಸಿಎಫ್‌ಜಿ ಲಾಕ್ ತೆಗೆದ ಕೂಡಲೇ ಎಕ್ಸಿಟ್‌ಬಿಎಸ್ ದಾಟಿತು. ನೀವು ಹೇಳಿದಂತೆಯೇ ಪಿಸಿಐ ಸಾಲಿನಲ್ಲಿ ನಿಂತಿತು. ಅಬವ್ 4ಜಿ ಆನ್ ಮಾಡಿ, ರೀಸೈಜಬಲ್ ಬಾರ್ ಆಫ್ ಮಾಡಿದ ಮೇಲೆ ಸೀದಾ ಲಾಗಿನ್ ಪರದೆಗೆ ಹೋಯಿತು. ಲೈಬ್ರರಿ ತೆರೆದು ನೋಡಿದೆ, ಎಲ್ಲಾ ಇದೆ. ಲಾಂಚರ್ ಆಪ್ಷನ್ ನಿಜವಾಗಿಯೂ ಡಿಸೇಬಲ್ಡ್ ಇತ್ತು, ಫುಲ್ ಮಾಡಿದೆ, ಈಗ ಓಪನ್‌ಕೋರ್ ತಾನೇ ಬರುತ್ತದೆ. ಇಂಟರ್ನಲ್ ಗ್ರಾಫಿಕ್ಸ್ ಆನ್ ಮಾಡಿ ಒಂದು ಎಕ್ಸ್‌ಪೋರ್ಟ್ ಕೊಟ್ಟಿದ್ದೇನೆ, ಓಡುತ್ತಿದೆ.

ತುಂಬಾ ಉಪಕಾರ ಆಯಿತು. ಇದರ ಜೊತೆಗೇ ಒಂದು ಪ್ರಶ್ನೆ. ವೆಂಚುರಾದಿಂದ ಸೊನೋಮಾ ಅಥವಾ ಸಿಕ್ವೊಯಾಗೆ ಹೋಗಬೇಕು, ಹೊಸ ಫೈನಲ್ ಕಟ್ ಹಳೆಯ ಮ್ಯಾಕ್‌ಓಎಸ್ ಮೇಲೆ ಕೂರುತ್ತಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ನೋಡಿದರೆ 'ನಿಮ್ಮ ಮ್ಯಾಕ್ ಅಪ್‌ಟುಡೇಟ್ ಇದೆ' ಅನ್ನುತ್ತದೆ. ಹೊಸದು ಕಾಣಿಸುವುದೇ ಇಲ್ಲ.

ತೋರಣಗಲ್ಲು_ನೈಟ್‌ಶಿಫ್ಟ್:

ಎಸ್‌ಎಸ್‌ಡಿಟಿ (ಬೋರ್ಡ್‌ನ ಹಾರ್ಡ್‌ವೇರ್ ವಿವರಕ್ಕೆ ಸೇರಿಸುವ ಪುಟ್ಟ ಫೈಲ್) ಬಗ್ಗೆಯೂ ಒಂದು ಮಾತು. ಬಯೋಸ್ ಬದಲಾದಾಗ ಅದರೊಳಗಿನ ಹಾರ್ಡ್‌ವೇರ್ ವಿವರದ ಎಸಿಪಿಐ ಕೋಷ್ಟಕವೂ ಬದಲಾಗಬಹುದು. ಹಳೆಯ ಬಯೋಸ್‌ನಿಂದ ತೆಗೆದು ಮಾಡಿದ ಎಸ್‌ಎಸ್‌ಡಿಟಿಗಳಿದ್ದರೆ ಹೊಸ ಬಯೋಸ್‌ನಿಂದ ಡಿಎಸ್‌ಡಿಟಿ (ಮುಖ್ಯ ಕೋಷ್ಟಕ) ಮತ್ತೆ ತೆಗೆದು ಅವನ್ನು ಮರಳಿ ಮಾಡುವುದು ಒಳ್ಳೆಯದು. ಸ್ಲೀಪ್‌ಗೆ ಹೋಗಿ ಎದ್ದು ಬರುತ್ತದೆಯೇ, ಎಲ್ಲಾ ಯುಎಸ್‌ಬಿ ಪೋರ್ಟ್ ಕೆಲಸ ಮಾಡುತ್ತವೆಯೇ, ಇವೆರಡು ಇವತ್ತೇ ನೋಡಿ. ಸ್ಲೀಪ್‌ನಿಂದ ಎದ್ದಾಗ ಬಯೋಸ್ ಸೆಟ್ಟಿಂಗ್ ಮತ್ತೆ ರೀಸೆಟ್ ಆಗಿದ್ದರೆ ಡಿಸೇಬಲ್ ಆರ್‌ಟಿಸಿ ಚೆಕ್‌ಸಮ್ ಕ್ವಿರ್ಕ್ ಹಾಕಬೇಕು.

ಕೌಲ್‌ಬಜಾರ್_ಬಳ್ಳಾರಿ:

ಅಪ್‌ಡೇಟ್ ಏಕೆ ಕಾಣುತ್ತಿಲ್ಲ ಎಂಬುದಕ್ಕೆ ಕಾರಣ ಇದೆ. ಐಮ್ಯಾಕ್ 20,1 ಆಪಲ್‌ನ ಟಿ2 ಭದ್ರತಾ ಚಿಪ್ ಇರುವ ಮಾಡೆಲ್. ನಿಮ್ಮ ಕಾನ್ಫಿಗ್‌ನಲ್ಲಿ ಸೆಕ್ಯೂರ್ ಬೂಟ್ ಮಾಡೆಲ್ (ಇದು ಆಪಲ್‌ನದು, ಬಯೋಸ್‌ನ ಸೆಕ್ಯೂರ್ ಬೂಟ್ ಬೇರೆ) 'ಡಿಸೇಬಲ್ಡ್' ಇರಬೇಕು ಅನಿಸುತ್ತದೆ. ಬಿಗ್ ಸರ್ 11.3ರಿಂದ ಈಚೆಗೆ ಟಿ2 ಮಾಡೆಲ್ ಹೇಳಿಕೊಂಡು ಸೆಕ್ಯೂರ್ ಬೂಟ್ ಆಫ್ ಇಟ್ಟರೆ ಅಪ್‌ಡೇಟ್ ತೋರಿಸುವುದಿಲ್ಲ. ರಿಸ್ಟ್ರಿಕ್ಟ್ ಇವೆಂಟ್ಸ್ ಎಂಬ ಕೆಕ್ಸ್ಟ್ (ಕರ್ನಲ್‌ಗೆ ಸೇರುವ ಡ್ರೈವರ್‌ನಂಥ ಫೈಲ್) ಹಾಕಿ, ಬೂಟ್ ಆರ್ಗ್ಯುಮೆಂಟ್‌ನಲ್ಲಿ ರೆವ್‌ಪ್ಯಾಚ್=ಎಸ್‌ಬಿವಿಎಂಎಂ ಎಂದು ಸೇರಿಸಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಅಲ್ಲಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ, ನಡುವೆ ಜಾಗ ಬಿಡದೆ ಹಾಕಬೇಕು. ರೀಬೂಟ್ ಮಾಡಿದರೆ ಪಟ್ಟಿ ಕಾಣುತ್ತದೆ.

ಆದರೆ ಕಂಡ ತಕ್ಷಣ ಅಪ್‌ಡೇಟ್ ಒತ್ತಬೇಡಿ! ನಿಮ್ಮ ವೈಫೈ ಕಾರ್ಡ್ ಬ್ರಾಡ್‌ಕಾಮ್ 94360. ಅದರ ಡ್ರೈವರ್‌ಗಳನ್ನು ಸೊನೋಮಾದಲ್ಲಿ, ಅಂದರೆ 2023ರ ಆವೃತ್ತಿಯಲ್ಲಿ, ತೆಗೆದುಹಾಕಲಾಗಿದೆ. ಸೊನೋಮಾಗೆ ಹೋದ ಕ್ಷಣ ವೈಫೈ ಮಾಯ. ಏರ್‌ಡ್ರಾಪ್ ಕೂಡ ಹೋಗುತ್ತದೆ. ಮರಳಿ ತರಲು ಓಪನ್‌ಕೋರ್ ಲೆಗಸಿ ಪ್ಯಾಚರ್‌ನಿಂದ ರೂಟ್ ಪ್ಯಾಚ್ ಹಾಕಬೇಕು. ಅದಕ್ಕೆ ಬೇಕಾದ ತಯಾರಿ ಮೊದಲೇ ಆಗಿರಬೇಕು.

ಶಕ್ತಿನಗರ_ಹಳೇಪಿಸಿ:

ರೂಟ್ ಪ್ಯಾಚ್ ಬಗ್ಗೆ ನಾನು ಹೇಳುತ್ತೇನೆ, ಅದರ ಜೊತೆಗೇ ಬದುಕುತ್ತಿದ್ದೇನೆ. ನನ್ನದು ಐ5 4570, ಎಚ್81 ಬೋರ್ಡ್, ಒಳಗಿನ ಎಚ್‌ಡಿ 4600 ಗ್ರಾಫಿಕ್ಸ್ ಮಾತ್ರ. ಮಾಂಟೆರಿವರೆಗೆ ಅದು ತಾನಾಗಿ ಓಡುತ್ತಿತ್ತು. ವೆಂಚುರಾದಿಂದ ಹ್ಯಾಸ್‌ವೆಲ್ ಗ್ರಾಫಿಕ್ಸ್ ಡ್ರೈವರ್ ಇಲ್ಲ, ಅದಕ್ಕೂ ಇದೇ ಪ್ಯಾಚರ್ ಬೇಕು.

2020ರಲ್ಲಿ ಬಂದ ಬಿಗ್ ಸರ್‌ನಿಂದ ಮ್ಯಾಕ್‌ಓಎಸ್‌ನ ಸಿಸ್ಟಂ ವಾಲ್ಯೂಮ್‌ಗೆ ಮೊಹರು ಹಾಕಿರುತ್ತಾರೆ. ಪ್ಯಾಚರ್ ಆ ಮೊಹರು ಒಡೆದು ಹಳೆಯ ಡ್ರೈವರ್ ಫೈಲ್‌ಗಳನ್ನು ಒಳಗೆ ಇಡುತ್ತದೆ. ಮುಂದಿನ ಅಪ್‌ಡೇಟ್ ಬಂದಾಗ ಸಿಸ್ಟಂ ಪೂರ್ತಿ ಹೊಸದಾಗಿ ಬರೆದು ಮತ್ತೆ ಮೊಹರು ಹಾಕುತ್ತದೆ, ನಮ್ಮ ಫೈಲ್ ಹೋಗುತ್ತವೆ. 14.6ರಿಂದ 14.7 ಎಂಬಂಥ ಸಣ್ಣ ಅಪ್‌ಡೇಟ್‌ಗೂ ಹಾಗೇ. ಆಗ ನನ್ನ ಮಷಿನ್‌ನಲ್ಲಿ ಕಿಟಕಿಗಳು ತೆವಳುತ್ತವೆ, ಡಾಕ್‌ನ ಪಾರದರ್ಶಕತೆ ಹೋಗುತ್ತದೆ. ಪ್ಯಾಚರ್ ತೆರೆದು ಮತ್ತೆ ರೂಟ್ ಪ್ಯಾಚ್ ಕೊಟ್ಟು ರೀಬೂಟ್ ಮಾಡಿದರೆ ಸರಿ. ಇದನ್ನು ಗೊತ್ತಿಲ್ಲದವರು ಗ್ರಾಫಿಕ್ಸ್ ಕೆಟ್ಟಿತು ಎಂದು ಹೆದರುತ್ತಾರೆ.

ಮೊಹರು ಒಡೆದ ಮಷಿನ್‌ಗೆ ಚಿಕ್ಕ ಅಪ್‌ಡೇಟ್ ಸಿಗುವುದಿಲ್ಲ, ಪೂರ್ತಿ ಇನ್‌ಸ್ಟಾಲರ್ ಇಳಿಯುತ್ತದೆ, 12 ಜಿಬಿಗೂ ಮೇಲೆ. ಮೊಬೈಲ್ ಡೇಟಾದಲ್ಲಿ ಇರುವವರು ಲೆಕ್ಕ ಹಾಕಿಕೊಳ್ಳಿ.

ಸಿಂಧನೂರು_ಡಿಟಿಪಿ:

ಪ್ರತಿ ಸಲ ಹೀಗೆ ಮೊಹರು ಒಡೆದು, ಸಿಸ್ಟಂ ಇಂಟೆಗ್ರಿಟಿ ಪ್ರೊಟೆಕ್ಷನ್ ಸಡಿಲ ಮಾಡಿ, ಆಮೇಲೆ ಭದ್ರತೆಗಾಗಿ ಅಪ್‌ಡೇಟ್ ಮಾಡುತ್ತೇವೆ ಅನ್ನುವುದರಲ್ಲಿ ಏನು ಅರ್ಥ? ನನ್ನ ಪ್ರಶ್ನೆ ನಿಜವಾಗಿಯೂ ಕೇಳುತ್ತಿದ್ದೇನೆ. ನನ್ನ ಕೆಲಸ ಪೇಜ್ ಲೇಔಟ್, ಅದಕ್ಕೆ ಹಳೆಯದೇ ಸಾಕು.

ಕೌಲ್‌ಬಜಾರ್_ಬಳ್ಳಾರಿ:

ಪ್ರಶ್ನೆ ಸರಿಯಾಗಿದೆ. ರೂಟ್ ಪ್ಯಾಚ್ ಹಾಕಿದ ಮಷಿನ್ ಒಂದು ರಕ್ಷಣೆಯನ್ನು ಕಳೆದುಕೊಳ್ಳುತ್ತದೆ. ಅದನ್ನು ಯಾರೂ ಮುಚ್ಚಿಡಬಾರದು. ಆದರೆ ಆ ರಕ್ಷಣೆ ಇರುವುದು ಯಾರೋ ಈಗಾಗಲೇ ಒಳಗೆ ಬಂದ ಮೇಲೆ ಸಿಸ್ಟಂ ಫೈಲ್ ತಿದ್ದದಂತೆ ತಡೆಯಲು. ಒಳಗೆ ಬರುವ ಬಾಗಿಲು ಹೆಚ್ಚಾಗಿ ಬ್ರೌಸರ್. ಒಂದು ವೆಬ್ ಪುಟ, ಒಂದು ಚಿತ್ರ ತೆರೆದರೆ ಸಾಕು ಎಂಬಂಥ ದೋಷಗಳು ಸಫಾರಿಯ ಎಂಜಿನ್ ಆದ ವೆಬ್‌ಕಿಟ್‌ನಲ್ಲಿ ಮತ್ತೆ ಮತ್ತೆ ಸಿಕ್ಕಿವೆ. ಅವನ್ನು ಮುಚ್ಚುವುದು ಅಪ್‌ಡೇಟ್ ಮಾತ್ರ. ಮಾಂಟೆರಿಗೆ ಕೊನೆಯ ಭದ್ರತಾ ಅಪ್‌ಡೇಟ್ 2024ರ ಜುಲೈಯಲ್ಲಿ ಬಂದ 12.7.6. ಆಮೇಲೆ ಸಿಕ್ಕ ದೋಷ ಎಲ್ಲಾ ಅಲ್ಲಿ ತೆರೆದೇ ಇದೆ.

ನಿಮ್ಮ ಮಷಿನ್ ಪೇಜ್ ಲೇಔಟ್‌ಗೆ ಮಾತ್ರ ಇದ್ದು, ಇಂಟರ್ನೆಟ್‌ಗೆ ಹಚ್ಚದಿದ್ದರೆ ಹಾಗೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಅದೇ ಮಷಿನ್‌ನಲ್ಲಿ ಬ್ಯಾಂಕ್ ತೆರೆದು, ಗಿರಾಕಿಗಳ ಆಧಾರ್ ಪ್ರತಿ, ಮದುವೆ ಫೋಟೋ ಇಟ್ಟುಕೊಂಡಿದ್ದರೆ ನಾವು ಬೇರೆಯವರ ವಸ್ತುವಿಗೆ ಜವಾಬ್ದಾರರು. ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ನಮ್ಮ ಊರುಗಳಲ್ಲಿ ಎಷ್ಟೋ ಸ್ಟುಡಿಯೋ, ಡಿಟಿಪಿ ಅಂಗಡಿಗಳಲ್ಲಿ ಊರಿನ ಅರ್ಧ ಜನರ ದಾಖಲೆ ಬಿದ್ದಿರುತ್ತವೆ.

ಮೊಹರು ಒಡೆಯುವುದೇ ಬೇಡ ಎನ್ನುವವರಿಗೆ ಒಂದು ದಾರಿ ಇದೆ. ಏರ್‌ಡ್ರಾಪ್ ಬೇಡವಾದರೆ ಬ್ರಾಡ್‌ಕಾಮ್ ತೆಗೆದು ಇಂಟೆಲ್ ಎಎಕ್ಸ್200 ಅಥವಾ ಎಎಕ್ಸ್210 ಕಾರ್ಡ್ ಹಾಕಿ. ಐಟಿಎಲ್‌ಡಬ್ಲ್ಯೂಎಂ ಕೆಕ್ಸ್ಟ್, ಜೊತೆಗೆ ಹೆಲಿಪೋರ್ಟ್ ಆ್ಯಪ್ ಸಾಕು. ರೂಟ್ ಪ್ಯಾಚ್ ಬೇಕಿಲ್ಲ, ಮೊಹರು ಹಾಗೇ ಉಳಿಯುತ್ತದೆ, ಅಪ್‌ಡೇಟ್ ಚಿಕ್ಕದಾಗಿಯೇ ಬರುತ್ತದೆ. ಇನ್ನೂ ಸರಳ ಎಂದರೆ ಲ್ಯಾನ್ ಕೇಬಲ್. ಗಂಗಾವತಿಯವರೇ, ಸ್ಟುಡಿಯೋದಲ್ಲಿ ರೂಟರ್ ಪಕ್ಕದಲ್ಲೇ ಇದ್ದರೆ ವೈಫೈ ಕಾರ್ಡ್ ನಿಮಗೆ ನಿಜವಾಗಿಯೂ ಬೇಕಾ?

ಗಂಗಾವತಿ_ಎಡಿಟರ್:

ರೂಟರ್ ಮೇಲಿನ ಮಹಡಿಯಲ್ಲಿದೆ. ಕೇಬಲ್ ಎಳೆಯಬಹುದು, ಆದರೆ ಐಫೋನ್‌ನಲ್ಲಿ ತೆಗೆದ ಕ್ಲಿಪ್ ಏರ್‌ಡ್ರಾಪ್‌ನಲ್ಲೇ ಬರುತ್ತವೆ, ಅದು ಬಿಡಲಾರೆ. ರೂಟ್ ಪ್ಯಾಚ್ ದಾರಿಯನ್ನೇ ಹೇಳಿ. ಸೊನೋಮಾ ಒಳ್ಳೆಯದಾ, ಸಿಕ್ವೊಯಾನಾ? ಟಾಹೋ ಕೂಡ ಬಂದಿದೆಯಲ್ಲ?

ಕೌಲ್‌ಬಜಾರ್_ಬಳ್ಳಾರಿ:

ಟಾಹೋ ಬೇಡ. ಮ್ಯಾಕ್‌ಓಎಸ್ 26 ಟಾಹೋ ಇಂಟೆಲ್‌ಗೆ ಕೊನೆಯ ಆವೃತ್ತಿ ಎಂದು ಆಪಲ್ 2025ರ ಜೂನ್‌ನಲ್ಲೇ ಹೇಳಿದೆ. 2020ರ ಐಮ್ಯಾಕ್ ಅದರ ಪಟ್ಟಿಯಲ್ಲಿದೆ, ಹಾಗಾಗಿ ನಿಮ್ಮ ಎಸ್‌ಎಂಬಯೋಸ್‌ಗೆ ಅದು ಕೂರುತ್ತದೆ. ಆದರೆ ಆಪಲ್ ಎಚ್‌ಡಿಎ ಎಂಬ ಆಡಿಯೋ ಡ್ರೈವರನ್ನು ಅದರಿಂದ ತೆಗೆದಿದ್ದಾರೆ. ನಮ್ಮ ಬೋರ್ಡ್‌ಗಳ ಆಡಿಯೋ ಆಪಲ್ ಎಎಲ್‌ಸಿ ಮೂಲಕ ಅದೇ ಡ್ರೈವರ್ ಮೇಲೆ ನಿಂತಿದೆ. ಯುಎಸ್‌ಬಿ ಸೌಂಡ್ ಕಾರ್ಡ್ ಇಲ್ಲದೆ ಎಡಿಟಿಂಗ್ ಟೇಬಲ್‌ನಲ್ಲಿ ಟಾಹೋ ಹಾಕಬಾರದು. ನಿಮಗೆ ಸಿಕ್ವೊಯಾ 15 ಸಾಕು.

ಈಗ ಕ್ರಮ. ಒಂದು ಖಾಲಿ ಪೆನ್‌ಡ್ರೈವ್ ತೆಗೆದುಕೊಳ್ಳಿ, ಜಿಯುಐಡಿ ಪಾರ್ಟಿಷನ್, ಫ್ಯಾಟ್32. ಈಗ ಓಡುತ್ತಿರುವ ಇಎಫ್‌ಐ ಫೋಲ್ಡರ್ (ಓಪನ್‌ಕೋರ್, ಕಾನ್ಫಿಗ್, ಕೆಕ್ಸ್ಟ್ ಎಲ್ಲಾ ಇರುವುದು ಇದರಲ್ಲಿ) ಇದ್ದಹಾಗೇ ಅದಕ್ಕೆ ಕಾಪಿ ಮಾಡಿ. ಅದರಿಂದ ಒಮ್ಮೆ ಬೂಟ್ ಮಾಡಿ ನೋಡಿ, ಡ್ರಾಯರ್‌ನಲ್ಲಿ ಇಡಿ. ಏನೇ ಆದರೂ ವಾಪಸ್ ಬರುವ ದಾರಿ ಅದು. ಫೈನಲ್ ಕಟ್ ಲೈಬ್ರರಿ ಬೇರೆ ಡಿಸ್ಕ್‌ಗೆ ಹೋಗಲಿ. ಟೈಮ್ ಮಷಿನ್ ಇದ್ದರೆ ಅದೂ.

ಎರಡನೇ ಪೆನ್‌ಡ್ರೈವ್‌ನಲ್ಲಿ ಹೊಸ ಇಎಫ್‌ಐ ಮಾಡಿ. ಹೊಸ ಓಪನ್‌ಕೋರ್, ಹೊಸ ಲಿಲು, ವಾಟ್‌ಎವರ್‌ಗ್ರೀನ್, ವರ್ಚುವಲ್ ಎಸ್‌ಎಂಸಿ, ಆಪಲ್ ಎಎಲ್‌ಸಿ, ರಿಸ್ಟ್ರಿಕ್ಟ್ ಇವೆಂಟ್ಸ್, ಬ್ಲೂಟೂತ್‌ಗೆ ಬ್ಲೂಟೂಲ್ ಫಿಕ್ಸಪ್. ಓಪನ್‌ಕೋರ್ ಆವೃತ್ತಿ ಬದಲಾದಾಗ ಕಾನ್ಫಿಗ್‌ನ ಕೀಗಳೂ ಬದಲಾಗುತ್ತವೆ. ಅದೇ ಜಿಪ್‌ನಲ್ಲಿ ಓಸಿ ವ್ಯಾಲಿಡೇಟ್ ಎಂಬ ಸಾಧನ ಇದೆ. ನಿಮ್ಮ ಕಾನ್ಫಿಗ್ ಅದಕ್ಕೆ ಕೊಟ್ಟು, ಅದು ಹೇಳುವ ತಪ್ಪು ಎಲ್ಲಾ ತಿದ್ದಿ. ಬೇರೆ ಆವೃತ್ತಿಯ ಓಸಿ ವ್ಯಾಲಿಡೇಟ್ ಬಳಸಬೇಡಿ, ಸುಳ್ಳು ತಪ್ಪು ತೋರಿಸುತ್ತದೆ. ಅಂತರ್ಜಾಲದಲ್ಲಿ ಸಿಗುವ ಬೇರೆಯವರ ರೆಡಿಮೇಡ್ ಇಎಫ್‌ಐ ಹಾಕಬೇಡಿ, ಬೋರ್ಡ್ ಒಂದೇ ಆದರೂ ಬಯೋಸ್ ಆವೃತ್ತಿ ಬೇರೆ ಇರುತ್ತದೆ.

ಈ ಹೊಸ ಪೆನ್‌ಡ್ರೈವ್‌ನಿಂದ ಈಗಿರುವ ವೆಂಚುರಾವನ್ನೇ ಬೂಟ್ ಮಾಡಿ. ಇಲ್ಲಿ ಅವಸರ ಮಾಡಬೇಡಿ. ಸ್ಲೀಪ್, ಯುಎಸ್‌ಬಿ, ಸೌಂಡ್, ಎಕ್ಸ್‌ಪೋರ್ಟ್ ಎಲ್ಲಾ ಹಳೆಯ ಸಿಸ್ಟಂ ಮೇಲೆ, ಹೊಸ ಇಎಫ್‌ಐ ಜೊತೆ ಸರಿ ಇರಬೇಕು. ಆಮೇಲೆ ಮಾತ್ರ ಎಸ್‌ಎಸ್‌ಡಿಯ ಇಎಫ್‌ಐ ಬದಲಿಸಿ. ನಂತರ ಮ್ಯಾಕ್‌ಓಎಸ್. ಬಯೋಸ್, ಓಪನ್‌ಕೋರ್, ಮ್ಯಾಕ್‌ಓಎಸ್ ಮೂರನ್ನೂ ಒಂದೇ ದಿನ ಬದಲಿಸಿದರೆ ಕೆಟ್ಟಾಗ ಯಾವುದನ್ನು ಹಿಂದಕ್ಕೆ ತಿರುಗಿಸಬೇಕು ಅಂತಲೇ ಗೊತ್ತಾಗುವುದಿಲ್ಲ. ನಿಮ್ಮ ಮೊದಲ ತೊಂದರೆ ಬೇಗ ಬಗೆಹರಿದದ್ದು ಬಯೋಸ್ ಒಂದೇ ಬದಲಾಗಿದ್ದರಿಂದ.

ವೈಫೈಗೆ ಕಾನ್ಫಿಗ್‌ನಲ್ಲಿ ಆಗಬೇಕಾದ್ದು: ಕರ್ನಲ್ ಬ್ಲಾಕ್‌ನಲ್ಲಿ ಐಓ ಸ್ಕೈವಾಕ್ ಫ್ಯಾಮಿಲಿ, ಸ್ಟ್ರಾಟಜಿ ಎಕ್ಸ್‌ಕ್ಲೂಡ್. ಕರ್ನಲ್ ಆ್ಯಡ್‌ನಲ್ಲಿ ಪ್ಯಾಚರ್ ಜೊತೆ ಬರುವ ಹಳೆಯ ಐಓ ಸ್ಕೈವಾಕ್ ಫ್ಯಾಮಿಲಿ, ಐಓ 80211 ಫ್ಯಾಮಿಲಿ ಲೆಗಸಿ, ಅದರೊಳಗಿನ ಏರ್‌ಪೋರ್ಟ್ ಬ್ರಾಡ್‌ಕಾಮ್ ಎನ್‌ಐಸಿ. ಇವೆಲ್ಲಕ್ಕೂ ಮಿನ್ ಕರ್ನಲ್ 23.0.0 (ಅಂದರೆ ಸೊನೋಮಾದಿಂದ ಮೇಲೆ) ಇರಲಿ. ಇಲ್ಲದಿದ್ದರೆ ವೆಂಚುರಾದಲ್ಲೂ ಲೋಡ್ ಆಗಿ ಈಗಿನ ವೈಫೈ ಕೆಡುತ್ತದೆ. ಆ್ಯಮ್‌ಫಿ ಪಾಸ್ ಕೆಕ್ಸ್ಟ್ ಸೇರಿಸಿ. ಸಿಸ್ಟಂ ಇಂಟೆಗ್ರಿಟಿ ಪ್ರೊಟೆಕ್ಷನ್ ಸಡಿಲಿಸಲು ಸಿಎಸ್‌ಆರ್ ಆಕ್ಟಿವ್ ಕಾನ್ಫಿಗ್ 03080000. ಸೆಕ್ಯೂರ್ ಬೂಟ್ ಮಾಡೆಲ್ ಡಿಸೇಬಲ್ಡ್. ಇಷ್ಟು ಮಾಡಿ ಎನ್‌ವಿರ್‍ಯಾಮ್ ರೀಸೆಟ್ ಕೊಡಿ. ಓಪನ್‌ಕೋರ್ ಮೆನುವಿನಲ್ಲಿ ಸ್ಪೇಸ್ ಒತ್ತಿದರೆ ಆ ಆಯ್ಕೆ ಕಾಣುತ್ತದೆ. ಹಳೆಯ ಮೌಲ್ಯ ಉಳಿದುಕೊಂಡಿದ್ದರೆ ಹೊಸದು ಕೂರುವುದಿಲ್ಲ, ಅದಕ್ಕೆ ರೀಸೆಟ್.

ಶಕ್ತಿನಗರ_ಹಳೇಪಿಸಿ:

ಪ್ಯಾಚರ್ ಆ್ಯಪ್ ಮೊದಲೇ ಇಳಿಸಿ ಡೆಸ್ಕ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ. ಅಪ್‌ಡೇಟ್ ಆದ ಮೇಲೆ ವೈಫೈ ಇರುವುದಿಲ್ಲ, ಆಗ ಇಳಿಸಿಕೊಳ್ಳಲು ಪರದಾಡಬೇಕು. ಐಫೋನನ್ನು ಕೇಬಲ್‌ನಿಂದ ಹಚ್ಚಿ ಹಾಟ್‌ಸ್ಪಾಟ್ ಕೊಟ್ಟರೆ ಮ್ಯಾಕ್‌ಗೆ ಇಂಟರ್ನೆಟ್ ಬರುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳ ಯುಎಸ್‌ಬಿ ಟೆದರಿಂಗ್ ಮ್ಯಾಕ್‌ನಲ್ಲಿ ನಡೆಯುವುದಿಲ್ಲ.

ಅಪ್‌ಡೇಟ್ ನಡೆಯುವಾಗ ಮಷಿನ್ ಹಲವು ಸಲ ರೀಬೂಟ್ ಆಗುತ್ತದೆ. ಆಗ ಓಪನ್‌ಕೋರ್‌ನಲ್ಲಿ 'ಮ್ಯಾಕ್‌ಓಎಸ್ ಇನ್‌ಸ್ಟಾಲರ್' ಎಂಬ ಹೊಸ ಹೆಸರು ಬರುತ್ತದೆ. ಪ್ರತಿ ಸಲ ಅದನ್ನೇ ಆರಿಸಬೇಕು, ನಿಮ್ಮ ಡ್ರೈವ್ ಹೆಸರನ್ನಲ್ಲ. ಆ ಹೆಸರು ಮಾಯವಾದ ಮೇಲೆ ಡ್ರೈವ್ ಆರಿಸಿ. ಡ್ಯುಯಲ್ ಬೂಟ್ ಇರುವವರು ಎದ್ದು ಹೋಗಬೇಡಿ, ನಡುವೆ ವಿಂಡೋಸ್ ಬೂಟ್ ಆದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಕಿನ್ನಾಳ_ಬಣ್ಣ:

ನಾನು ಕೊಪ್ಪಳದವ, ಇಷ್ಟು ಹೊತ್ತು ಓದುತ್ತಿದ್ದೆ. ಒಂದು ಸಂದೇಹ. ಆಪಲ್‌ನ ಲೈಸೆನ್ಸ್ ಪ್ರಕಾರ ಇದು ಸರಿಯಾ? ನಮ್ಮ ಕಡೆ ಒಬ್ಬರು ಹ್ಯಾಕಿಂತೋಷ್ ಮಾಡಿ ಮಾರುತ್ತಾರೆ ಎಂದು ಕೇಳಿದ್ದೇನೆ, ತೆಗೆದುಕೊಳ್ಳಬಹುದಾ?

ತೋರಣಗಲ್ಲು_ನೈಟ್‌ಶಿಫ್ಟ್:

ಲೈಸೆನ್ಸ್‌ನಲ್ಲಿ ಆಪಲ್ ಬ್ರ್ಯಾಂಡ್‌ನ ಕಂಪ್ಯೂಟರ್ ಮೇಲೆ ಮಾತ್ರ ಹಾಕಬೇಕು ಎಂದಿದೆ. ಅದು ಗೊತ್ತಿದ್ದೇ ನಿರ್ಧಾರ ಮಾಡಬೇಕು. ಮಾರುವುದಂತೂ ಬೇಡ. ಅಮೆರಿಕದಲ್ಲಿ ಸೈಸ್ಟಾರ್ ಎಂಬ ಕಂಪನಿ 2008ರಲ್ಲಿ ಹೀಗೆ ಮಾರಲು ಹೋಗಿ ಆಪಲ್ ಹಾಕಿದ ಮೊಕದ್ದಮೆಯಲ್ಲಿ ಸೋತಿತು. ಕೊಳ್ಳುವವರಿಗೂ ಕಷ್ಟ. ಇಲ್ಲಿ ಈಗ ಓದಿದಿರಲ್ಲ, ಇಷ್ಟೆಲ್ಲಾ ಗೊತ್ತಿಲ್ಲದವರ ಕೈಗೆ ಈ ಮಷಿನ್ ಕೊಟ್ಟರೆ ಮೊದಲ ಅಪ್‌ಡೇಟ್‌ಗೇ ನಿಲ್ಲುತ್ತದೆ. ಹೊಸದಾಗಿ ದುಡ್ಡು ಹಾಕುವವರು ಎಂ ಸರಣಿಯ ಮ್ಯಾಕ್ ಮಿನಿ ನೋಡಿ. ಈಗಾಗಲೇ ಮಷಿನ್ ಇರುವವರು ಅದನ್ನು ಚೆನ್ನಾಗಿ ಇಟ್ಟುಕೊಳ್ಳಲಿ.

ಗಂಗಾವತಿ_ಎಡಿಟರ್:

ಸಿಕ್ವೊಯಾ ಆಯಿತು. ಹೊಸ ಇಎಫ್‌ಐಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟು ವೆಂಚುರಾದಲ್ಲಿ ಕೆಲಸ ಮಾಡಿ ನೋಡಿದೆ. ಓಸಿ ವ್ಯಾಲಿಡೇಟ್ ಕೆಲವು ಹಳೆಯ ಕೀ ತೋರಿಸಿತು, ತಿದ್ದಿದೆ. ಮುಂಭಾಗದ ಒಂದು ಯುಎಸ್‌ಬಿ ಪೋರ್ಟ್ ಹೊಸ ಬಯೋಸ್‌ನಲ್ಲಿ ಸತ್ತಿತ್ತು, ಯುಎಸ್‌ಬಿ ಮ್ಯಾಪ್ (ಪೋರ್ಟ್‌ಗಳ ಪಟ್ಟಿ) ಮತ್ತೆ ಮಾಡಿದ ಮೇಲೆ ಬಂತು. ರೆವ್‌ಪ್ಯಾಚ್ ಹಾಕಿದ ಕೂಡಲೇ ಸಿಕ್ವೊಯಾ ಪಟ್ಟಿಯಲ್ಲಿ ಕಾಣಿಸಿತು. ಅಪ್‌ಡೇಟ್ ಆದ ಮೇಲೆ ವೈಫೈ ಇರಲಿಲ್ಲ, ಹೇಳಿದಂತೆಯೇ. ರೂಟ್ ಪ್ಯಾಚ್ ಕೊಟ್ಟು ರೀಬೂಟ್ ಮಾಡಿದೆ, ವೈಫೈ, ಏರ್‌ಡ್ರಾಪ್ ಎರಡೂ ಬಂದವು. ಹೊಸ ಫೈನಲ್ ಕಟ್ ಹಾಕಿದ್ದೇನೆ.

ಇನ್ನು ಸ್ವಯಂಚಾಲಿತ ಅಪ್‌ಡೇಟ್ ಆನ್ ಇಡಬೇಕಾ, ಆಫ್ ಮಾಡಬೇಕಾ?

ಕೌಲ್‌ಬಜಾರ್_ಬಳ್ಳಾರಿ:

ಬಹಳ ಸಂತೋಷ. ಸ್ವಯಂಚಾಲಿತವಾಗಿ ಇನ್‌ಸ್ಟಾಲ್ ಆಗುವುದನ್ನು ಆಫ್ ಮಾಡಿ, 'ಅಪ್‌ಡೇಟ್ ಇದೆಯೇ ನೋಡು' ಎಂಬುದನ್ನು ಆನ್ ಇಡಿ. ರ್‍ಯಾಪಿಡ್ ಸೆಕ್ಯೂರಿಟಿ ರೆಸ್ಪಾನ್ಸ್ ಅಂತ 2023ರಿಂದ ಒಂದು ಬಗೆಯ ಪುಟ್ಟ ಪ್ಯಾಚ್ ಬರುತ್ತದೆ. ಮೊಹರು ಒಡೆದ ಮಷಿನ್ ಮೇಲೆ ಅದು ಸರಿಯಾಗಿ ಕೂರುವುದಿಲ್ಲ, ಅದನ್ನೂ ಆಫ್ ಮಾಡಿ. ಮುಂದಿನ 15.x ಬಂದಾಗ ಮೊದಲು ಪ್ಯಾಚರ್‌ನ ಹೊಸ ಆವೃತ್ತಿ ಅದನ್ನು ಬೆಂಬಲಿಸುತ್ತದೆಯೇ ನೋಡಿ, ಕೆಕ್ಸ್ಟ್ ಅಪ್‌ಡೇಟ್ ಮಾಡಿ, ಗಿರಾಕಿಗೆ ಕೊಡಬೇಕಾದ ಕೆಲಸ ಮುಗಿದ ದಿನ ಕೂತು ಮಾಡಿ. ವಾರಗಟ್ಟಲೆ ಮುಂದೂಡಬೇಡಿ.

ಬಯೋಸ್ ಸೆಟ್ಟಿಂಗ್ ಪರದೆಗಳ ಫೋಟೋ ಈಗಲೇ ಮೊಬೈಲ್‌ನಲ್ಲಿ ತೆಗೆದಿಡಿ. ಕೆಲವು ಬೋರ್ಡ್‌ನಲ್ಲಿ ಪ್ರೊಫೈಲ್ ಸೇವ್ ಮಾಡಬಹುದು, ಆದರೆ ಬಯೋಸ್ ಆವೃತ್ತಿ ಬದಲಾದರೆ ಹಳೆಯ ಪ್ರೊಫೈಲ್ ಲೋಡ್ ಆಗದೇ ಇರಬಹುದು. ಫೋಟೋ ಇದ್ದರೆ ಕೈಯಿಂದ ಹಾಕಿಕೊಳ್ಳಬಹುದು.

ಸಿಂಧನೂರು_ಡಿಟಿಪಿ:

ನನ್ನ ಮಷಿನ್‌ನಲ್ಲೂ ಬ್ಯಾಂಕ್ ಕೆಲಸ ನಡೆಯುತ್ತದೆ, ಜನರ ಆಧಾರ್ ಸ್ಕ್ಯಾನ್‌ಗಳೂ ಇವೆ. ಐ5 8400, ಎಚ್310 ಬೋರ್ಡ್, ಒಳಗಿನ ಗ್ರಾಫಿಕ್ಸ್ ಮಾತ್ರ, ಲ್ಯಾನ್ ಕೇಬಲ್, ಬಿಗ್ ಸರ್. ವೈಫೈ ಇಲ್ಲ. ನನಗೆ ರೂಟ್ ಪ್ಯಾಚ್ ಬೇಕಾಗುತ್ತದಾ?

ಕೌಲ್‌ಬಜಾರ್_ಬಳ್ಳಾರಿ:

ಬೇಡ. ಯುಎಚ್‌ಡಿ 630 ಸಿಕ್ವೊಯಾದಲ್ಲಿ ಯಾವ ರೂಟ್ ಪ್ಯಾಚ್ ಇಲ್ಲದೆ ಓಡುತ್ತದೆ. ಎಚ್310 ಬೋರ್ಡ್‌ಗೆ ಎಸ್‌ಎಸ್‌ಡಿಟಿ-ಪಿಎಂಸಿ ಇರಬೇಕು, ಇಲ್ಲದಿದ್ದರೆ ಎನ್‌ವಿರ್‍ಯಾಮ್ ನಿಲ್ಲುವುದಿಲ್ಲ. ನಿಮ್ಮ ಓಪನ್‌ಕೋರ್ ಆವೃತ್ತಿ, ಎಸ್‌ಎಂಬಯೋಸ್ ಬರೆದು ಹೊಸ ಚರ್ಚೆ ಶುರು ಮಾಡಿ, ಸೀರಿಯಲ್ ನಂಬರ್ ಅಳಿಸಿ ಕಾನ್ಫಿಗ್ ಹಾಕಿ. ನಾನು ನೋಡುತ್ತೇನೆ.